ಕೆಂಪು ಚೀಟಿಯ ಚಂದ್ರಶೇಖರ

ಮನೆಗೆ ಬಂದವರ ಮುಂದೆ ಅಂಗಾತ ಬಿದ್ದುಕೊಂಡು ನಮಸ್ಕಾರ ಮಾಡುವ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲ. ಉಪೇಂದ್ರ ಅದನ್ನು ೨೦೦೯ರ ಜನವರಿಯ ಒಂದು ಶನಿವಾರ, ಅಮೆರಿಕದ ಪ್ಲೇನ್‌ಫೀಲ್ಡಿನ ತನ್ನ ಮನೆಯ ಡ್ರೈವ್‌ವೇ ಮೇಲೆ ಮಾಡಿ ತೋರಿಸಿದ.

ತಪ್ಪು ಅವನದೇ. ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ಮಗನ ವಿಷಯಕ್ಕೆ ದೊಡ್ಡ ಮನುಷ್ಯರೊಬ್ಬರು ಊಟಕ್ಕೆ ಬರುತ್ತಿದ್ದಾರೆ, ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟರೆ ಶುಭ ಎಂದು ಅವನಿಗೆ ತೋರಿತು.

"ರೀ, ಹೊರಗೆ ಹನ್ನೆರಡು ಡಿಗ್ರಿ ಇದೆ," ಎಂದಳು ಹೆಂಡತಿ ಶಾರದ.

"ಒಳ್ಳೆ ಕೆಲಸಕ್ಕೆ ಯಾರಾದ್ರೂ ಡಿಗ್ರಿ ನೋಡ್ತಾರಾ," ಎಂದು ಉಪೇಂದ್ರ ಒಂದು ಬಕೆಟ್ ನೀರನ್ನು ತಾನೇ ಚೆಲ್ಲಿ ಬಂದ. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ನೀರು ಹತ್ತು ನಿಮಿಷ ನೀರಾಗಿರುತ್ತದೆ. ಅತಿಥಿಗಳ ಕಾರು ಹನ್ನೊಂದನೆಯ ನಿಮಿಷಕ್ಕೆ ಬಂತು. ಉಪೇಂದ್ರ ಕೈ ಮುಗಿದುಕೊಂಡೇ ಓಡಿದ. ಕೈ ಮುಗಿದುಕೊಂಡೇ ಬಿದ್ದ.

ಕಾರಿನಿಂದ ಇಳಿದ ಚಂದ್ರಶೇಖರ ಮಂಜುಗಡ್ಡೆ ಶುರುವಾಗುವ ಗೆರೆಯಲ್ಲಿ ನಿಂತು ಅವನನ್ನು ನೋಡಿದರು. ಆಮೇಲೆ ಹುಲ್ಲಿನ ಮೇಲಿನ ಹಿಮದಲ್ಲಿ ಸುತ್ತು ಹಾಕಿಕೊಂಡು ನಡೆದು ಬಂದರು.

"ಪೆಟ್ಟಾಯ್ತಾ?"

"ಇಲ್ಲ ಸಾರ್, ಏನಿಲ್ಲ."

"ಯಾವ ಕಾಲು ಮೊದಲು ಜಾರ್ತು?"

"ಬಲಗಾಲು ಸಾರ್."

"ಎಡಗಾಲು," ಎಂದು ಚಂದ್ರಶೇಖರ ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಏನನ್ನೋ ಬರೆದುಕೊಂಡರು.

ಈ ಚಂದ್ರಶೇಖರ ಮೈಸೂರಿನ ಚಾಮುಂಡಿಪುರಂನಲ್ಲಿ ಹುಟ್ಟಿ, ಎಂಬತ್ತಮೂರರಲ್ಲಿ ಅಮೆರಿಕಕ್ಕೆ ಬಂದು, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಮನೆ ಮಾಡಿದವರು. ಕಾರಿನ ಬ್ರೇಕ್ ಡ್ರಮ್ ಎರಕ ಹೊಯ್ಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದರು. ಡ್ರಮ್ಮನ್ನು ಸಣ್ಣ ಸುತ್ತಿಗೆಯಿಂದ ತಟ್ಟುವುದು, ಕಿವಿಗೊಟ್ಟು ಕೇಳುವುದು, ಚೀಟಿ ಕಟ್ಟುವುದು. ಹಸಿರು ಚೀಟಿಯದು ಲಾರಿಗೆ, ಹಳದಿಯದು ರಿಪೇರಿಗೆ, ಕೆಂಪಿನದು ವಾಪಸ್ ಕುಲುಮೆಗೆ. ಅವರ ಕಿವಿಯನ್ನು ದಾಟಿ ಹೋದ ಬಿರುಕು ಒಂದೂ ಇಲ್ಲವೆಂದು ಕಾರ್ಖಾನೆಯಲ್ಲಿ ಹೆಸರಿತ್ತು. ಅವರ ಜೊತೆ ಕೂತು ಊಟ ಮಾಡುವವರೂ ಇರಲಿಲ್ಲ.

ಫುಟ್‌ಬಾಲಿಗೆ ಅವರು ಬಿದ್ದದ್ದು ಆಸೆಯಿಂದಲ್ಲ. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಹೆಂಡತಿ ಸರೋಜಮ್ಮನವರ ಭಜನಾ ಮಂಡಳಿ ಸೇರುತ್ತಿತ್ತು. ಶ್ರುತಿ ತಪ್ಪಿದಾಗಲೆಲ್ಲ ಚಂದ್ರಶೇಖರ ಒಳಗಿನಿಂದ ಕೆಮ್ಮುತ್ತಿದ್ದುದರಿಂದ ಮಂಡಳಿಯವರೇ ಅವರನ್ನು ಹೊರಗೆ ಹೋಗಿ ಬನ್ನಿ ಎಂದು ಕೇಳಿಕೊಂಡರು. ಹತ್ತಿರದಲ್ಲಿದ್ದದ್ದು ಮಾರ್‌ಬರಿ ಕಾಲೇಜಿನ ಮೈದಾನ. ಒಂದು ದಿನ ಆಟ ಮುಗಿದ ಮೇಲೆ ಇವರು ನೇರ ಕೋಚ್ ಬಳಿ ಹೋಗಿ, ನಿಮ್ಮ ಹುಡುಗ ಒದೆಯುವಾಗ ಊರುವ ಕಾಲು ಎರಡಿಂಚು ಸೊಟ್ಟ ಬೀಳುತ್ತಿದೆ ಎಂದರು. ಕೋಚ್ ನಕ್ಕ. ಮುಂದಿನ ಮೂರು ಆಟಗಳಲ್ಲಿ ಆ ಹುಡುಗ ಒದ್ದ ಚೆಂಡುಗಳೆಲ್ಲ ಪಾರ್ಕಿಂಗ್ ಲಾಟಿಗೆ ಹೋದವು. ನಾಲ್ಕನೆಯ ವಾರ ಕೋಚೇ ಹುಡುಕಿಕೊಂಡು ಬಂದ. ಅಂದಿನಿಂದ ಹತ್ತೊಂಬತ್ತು ವರ್ಷ, ಕಾಲೇಜು ತಂಡಕ್ಕೆ ಹೊಸದಾಗಿ ಆರಿಸಿದ ಹುಡುಗರ ಆಟದ ಫಿಲ್ಮ್‌ಗಳೆಲ್ಲ ಚಂದ್ರಶೇಖರರ ಗರಾಜಿಗೆ ಬರುತ್ತಿದ್ದವು. ಅವರು ನೋಡಿ ಚೀಟಿ ಬರೆಯುತ್ತಿದ್ದರು. ಸಂಬಳವಿಲ್ಲ. ಒಂದು ಟೋಪಿ, ಒಂದು ಪಾರ್ಕಿಂಗ್ ಪಾಸ್.

ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಹೆಲ್ಮೆಟ್ ಹಾಕಿಕೊಂಡ ಗೂಳಿಗಳು ಒಬ್ಬರ ಮೇಲೊಬ್ಬರು ಬೀಳುವುದೇ ಮುಖ್ಯ. ಆದರೆ ತಂಡಕ್ಕೊಬ್ಬ ಕಿಕ್ಕರ್ ಇರುತ್ತಾನೆ. ಎರಡು ಕಂಬದ ನಡುವೆ ಚೆಂಡು ಒದೆಯುವುದು ಅವನ ಕೆಲಸ. ಉಳಿದವರು ಮೂಳೆ ಮುರಿದುಕೊಳ್ಳುವಾಗ ಅವನು ಪಕ್ಕದಲ್ಲಿ ನಿಂತು ನೀರು ಕುಡಿಯಬಹುದು. ನಮ್ಮ ಜನದ ಮಕ್ಕಳಿಗೆ ಆ ಆಟದಲ್ಲಿ ಇರುವ ಜಾಗ ಅದೊಂದೇ ಎಂದು ಉಪೇಂದ್ರ ಲೆಕ್ಕ ಹಾಕಿದ್ದ. ಮಗ ಸಾಕೇತ್ ಹೈಸ್ಕೂಲಿನಲ್ಲಿ ನಲವತ್ತನಾಲ್ಕು ಗಜದಿಂದ ಒದ್ದಿದ್ದ. ಸೆಪ್ಟೆಂಬರಿನಲ್ಲಿ ಮಾರ್‌ಬರಿ ಕಾಲೇಜು ಅರ್ಧ ಫೀಸಿನ ಸ್ಕಾಲರ್‌ಶಿಪ್ ಕೊಡುತ್ತೇವೆಂದು ಬಾಯಿ ಮಾತು ಕೊಟ್ಟಿತು. ಉಪೇಂದ್ರ ಆ ಸುದ್ದಿಯನ್ನು ಬೋಲಿಂಗ್‌ಬ್ರೂಕಿನಿಂದ ಹಾಫ್‌ಮನ್ ಎಸ್ಟೇಟ್ಸ್‌ವರೆಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಹೇಳಿದ. ಗೊತ್ತಿಲ್ಲದ ಇಬ್ಬರಿಗೂ ಹೇಳಿದ.

ಆಮೇಲೆ ಮಾರ್ಕೆಟ್ ಬಿತ್ತು. ಡಿಸೆಂಬರಿನಲ್ಲಿ, ಉಪೇಂದ್ರ ಕೆಲಸ ಮಾಡುತ್ತಿದ್ದ ಹಾಫ್‌ಮನ್ ಎಸ್ಟೇಟ್ಸ್‌ನ ಕಂಪನಿ ಅವನ ಡಿಪಾರ್ಟ್‌ಮೆಂಟಿಗೇ ಬೀಗ ಹಾಕಿತು. ಇದನ್ನು ಅವನು ಯಾರಿಗೂ ಫೋನ್ ಮಾಡಿ ಹೇಳಲಿಲ್ಲ. ಮನೆಯವರಿಗಷ್ಟೇ ಗೊತ್ತು. ಜನವರಿಯಲ್ಲಿ ಮಾರ್‌ಬರಿಯಿಂದ ಈಮೇಲ್ ಬಂತು. ಇಪ್ಪತ್ತಮೂರು ಹುಡುಗರಿಗೆ ಮಾತು ಕೊಟ್ಟಿದ್ದೆವು, ಈಗ ಹದಿನೆಂಟೇ ಸ್ಕಾಲರ್‌ಶಿಪ್, ಎಲ್ಲರನ್ನೂ ಇನ್ನೊಮ್ಮೆ ತೂಗಿ ನೋಡಿ ಫೆಬ್ರವರಿಯ ಮೊದಲ ಬುಧವಾರ ಸಹಿ ಹಾಕಿಸುತ್ತೇವೆ ಎಂದು. ತೂಗುವವರು ಯಾರೆಂದು ವಿಚಾರಿಸಿದರೆ, ನಮ್ಮ ಮೈಸೂರಿನವರೇ.

ದೇವರು ಬಾಗಿಲು ತಟ್ಟಿದ ಹಾಗಾಯಿತು ಉಪೇಂದ್ರನಿಗೆ. ಫೋನ್ ಮಾಡಿ, "ಸಾರ್, ಒಂದು ದಿನ ಊಟಕ್ಕೆ ಬರಲೇಬೇಕು," ಎಂದು ಪೀಡಿಸಿದ.

"ಫಿಲ್ಮ್ ನೋಡಿದೀನಿ. ಬರೋದು ಬೇಕಾಗಿಲ್ಲ," ಎಂದರು ಚಂದ್ರಶೇಖರ.

"ಹಾಗನ್ನಬೇಡಿ ಸಾರ್. ಹುಡುಗನ್ನ ಎದುರಿಗೆ ನೋಡಿದ್ರೆ ಬೇರೆ."

ಆ ಕಡೆ ಪುಟ ತಿರುವಿದ ಸದ್ದಾಯಿತು. "ಅದು ನಿಜ," ಎಂದರು.

ಹಾಗೆ ಅವರು ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು, ಬಿದ್ದಿದ್ದ ಉಪೇಂದ್ರನನ್ನು ದಾಟಿ ಒಳಗೆ ಬಂದು ಕೂತರು. ಐವತ್ತಾರು ವಯಸ್ಸು, ಸಣಕಲು ಮೈ, ಎಡಗಿವಿಯನ್ನು ಸದಾ ಮುಂದೆ ಚಾಚಿದ ಕತ್ತು. ಶಾರದ ಕೇಸರಿಬಾತು, ಬೋಂಡ, ವಾಂಗಿಬಾತು ಮಾಡಿದ್ದಳು. ಸಾಕೇತನಿಗೆ ಜುಬ್ಬಾ ತೊಡಿಸಿ, ತಲೆ ಬಾಚಿಸಿ, ಕಾಫಿ ತಟ್ಟೆ ಹಿಡಿಸಿ ಅಡುಗೆಮನೆಯಿಂದ ಕಳಿಸಲಾಯಿತು.

ಅವನ ತಂಗಿ, ಹನ್ನೆರಡು ವರ್ಷದ ನಿಹಾರಿಕಾ, ಮೆಟ್ಟಿಲ ಮೇಲೆ ಕೂತು, "ಓ ಮೈ ಗಾಡ್, ದೇ ಆರ್ ಮ್ಯಾರೀಯಿಂಗ್ ಹಿಮ್ ಆಫ್," ಎಂದಳು.

ಚಂದ್ರಶೇಖರ ಕಾಫಿ ತೆಗೆದುಕೊಳ್ಳಲಿಲ್ಲ. ತಟ್ಟೆ ಹಿಡಿದ ಮಣಿಕಟ್ಟನ್ನು ನೋಡುತ್ತ ಕೂತರು. ಒಂದು ನಿಮಿಷವಾಯಿತು. ಸಾಕೇತ್ ಅಲ್ಲಾಡದೆ ನಿಂತಿದ್ದ.

"ಲೋಟ ಸದ್ದು ಮಾಡ್ಲಿಲ್ಲ," ಎಂದು ಬರೆದುಕೊಂಡರು. ಉಪೇಂದ್ರನಿಗೆ ಎದೆ ಉಬ್ಬಿತು. ಅಲ್ಲಿಗೇ ನಿಲ್ಲಿಸಬಹುದಿತ್ತು.

ಊಟಕ್ಕೆ ಕೂತಾಗ ಚಂದ್ರಶೇಖರ ಶಾರದಳನ್ನು ಕೇಳಿದರು: "ನಿಮ್ಮ ಅಣ್ಣತಮ್ಮಂದಿರು ಎಷ್ಟು ಎತ್ತರ?"

"ಎಲ್ಲ ಆರಡಿ ಸಾರ್. ಹದಿನೆಂಟಾದ್ಮೇಲೂ ಬೆಳೆದ್ರು."

"ಇವನೂ ಅಷ್ಟೇ ಸಾರ್," ಎಂದ ಉಪೇಂದ್ರ, ವಾಂಗಿಬಾತಿನ ಬಟ್ಟಲನ್ನು ಅವರ ಕಡೆ ತಳ್ಳುತ್ತ. "ಒಂದೇ ವರ್ಷದಲ್ಲಿ ಶೂ ಎರಡು ಸೈಜ್ ದೊಡ್ಡದಾಯ್ತು. ನೋಡ್ತಾ ಇರಿ."

"ಫಿಲ್ಮಲ್ಲಿ ಶೂ ಸೈಜ್ ಗೊತ್ತಾಗಲ್ಲ," ಎಂದು ಚಂದ್ರಶೇಖರ ಬರೆದುಕೊಂಡರು. "ವಯಸ್ಸು ಹದಿನೆಂಟಾಗ್ತಾ ಬಂತಾ?"

ಶಾರದ ಮೇಜಿನ ಕೆಳಗೆ ಗಂಡನ ಕಾಲು ಒತ್ತಿದಳು. ಉಪೇಂದ್ರ ಅದನ್ನು ಪ್ರೋತ್ಸಾಹವೆಂದು ತಿಳಿದ.

"ಎಲ್ಲಿ ಸಾರ್, ಹದಿನಾರು. ಡಬಲ್ ಪ್ರಮೋಷನ್. ಮೊದಲೇ ಕ್ಲಾಸಲ್ಲಿ ಎಲ್ಲರಿಗಿಂತ ಚಿಕ್ಕವನು, ಆಗಸ್ಟಲ್ಲಿ ಹುಟ್ಟಿದ್ದು ನೋಡಿ. ಆದ್ರೂ ಸೆಕೆಂಡ್ ಗ್ರೇಡ್ ಸ್ಕಿಪ್ ಮಾಡಿಸ್ದೆ. ಸ್ಕೂಲವರು ಬೇಡ ಅಂದ್ರು. ಮೂರು ಸಲ ಪ್ರಿನ್ಸಿಪಾಲ್ ಹತ್ರ ಹೋಗಿ ಕೂತೆ." ಎದ್ದು ಹೋಗಿ ಗೋಡೆಯ ಮೇಲಿದ್ದ, ಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಕಿತ್ತು ತಂದು ಸಾರಿನ ಪಾತ್ರೆಗೆ ಒರಗಿಸಿ ಇಟ್ಟ. "ನಮ್ಮ ಮನೆತನದಲ್ಲಿ ಡಬಲ್ ಪ್ರಮೋಷನ್ ಸಿಕ್ಕಿದ್ದು ನನಗೆ, ಬಿಟ್ರೆ ಇವನಿಗೆ."

ಚಂದ್ರಶೇಖರ ಸರ್ಟಿಫಿಕೇಟಿನ ಮೇಲಿದ್ದ ತಾರೀಖನ್ನು ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

ಪೆನ್ನು ಮುಚ್ಚಿದ್ದು ಕಂಡು ಉಪೇಂದ್ರನಿಗೆ ದಿಗಿಲಾಯಿತು. ದಿಗಿಲಾದಾಗ ಅವನು ಉದಾರಿಯಾಗುತ್ತಾನೆ. "ಸಾರ್, ನೀವು ಈಗ ಕೆಲಸ ಹುಡುಕ್ತಾ ಇದೀರಿ ಅಂತ ಕೇಳ್ದೆ. ನಮ್ಮ ಕಂಪನಿಲಿ ಕ್ವಾಲಿಟಿ ಟೀಮ್ ಇದೆ. ನಾನು ಒಂದು ಮಾತು ಹೇಳಿದ್ರೆ ಸಾಕು."

ಸಾಕೇತ್ ತಲೆಯೆತ್ತಿ ಅಪ್ಪನನ್ನು ನೋಡಿದ.

"ಕೆಲಸ ಕೇಳೋಕೆ ಅಲ್ಲಿಗೆ ಹೋದ ವಾರ ಫೋನ್ ಮಾಡಿದ್ದೆ," ಎಂದರು ಚಂದ್ರಶೇಖರ. "ಆ ಡಿಪಾರ್ಟ್‌ಮೆಂಟ್ ಡಿಸೆಂಬರಲ್ಲೇ ಮುಚ್ಚಿದ್ರಂತೆ. ಉಪೇಂದ್ರ ಅಂತ ಒಬ್ರು ಮ್ಯಾನೇಜರ್ ಇದ್ರು, ಅವರನ್ನೂ ಕಳಿಸಿದ್ವಿ ಅಂದ್ರು. ಸ್ವಲ್ಪ ಮೊಸರು ಹಾಕಿ."

ಶಾರದ ಮೊಸರು ಬಡಿಸಿದಳು. ಉಪೇಂದ್ರ ತನ್ನ ಮೊಸರನ್ನವನ್ನು ಐದು ನಿಮಿಷ ಕಲಸಿದ.

ಊಟವಾದ ಮೇಲೆ ಚಂದ್ರಶೇಖರ ಸಾಕೇತನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಒಂಟಿ ಕಾಲಲ್ಲಿ ನಿಲ್ಲಿಸಿದರು. ಮೊಣಕಾಲಿನ ಕೆಳಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಬಗ್ಗಿ ಎಡಗಿವಿ ಇಟ್ಟರು. ಹಿಂದೆಯೇ ಇಳಿದು ಬಂದಿದ್ದ ಉಪೇಂದ್ರ ಪಿಸುಗುಟ್ಟಿದ: "ಏನು ಕೇಳಿಸ್ತು ಸಾರ್?"

"ನೀವು," ಎಂದರು ಚಂದ್ರಶೇಖರ.

ಹದಿನಾಲ್ಕು ದಿನಕ್ಕೆ ಟಪಾಲು ಬಂತು. ಚೀಟಿಯನ್ನು ಆಯಾ ಹುಡುಗನ ಮನೆಗೇ ಕಳಿಸುವುದು ಚಂದ್ರಶೇಖರರ ಪದ್ಧತಿ. ಬ್ರೇಕ್ ಡ್ರಮ್ಮಿಗೆ ತಾನು ಯಾಕೆ ಬಿದ್ದೆ ಎಂದು ತಿಳಿಯುವ ಯೋಗವಿಲ್ಲ, ಮನುಷ್ಯನಿಗಾದರೂ ಇರಲಿ ಎಂದು. ಲಕೋಟೆಯಲ್ಲಿದ್ದದ್ದು ತೂತಿಗೆ ತಂತಿ ಪೋಣಿಸಿದ ರಟ್ಟಿನ ಚೀಟಿ. ಬಣ್ಣ ಕೆಂಪು. ಬೇರೆ ಹುಡುಗರಿಗೆಲ್ಲ ಇಂಗ್ಲಿಷಿನಲ್ಲಿ ಬರೆಯುವವರು ಇವನಿಗೆ ಮಾತ್ರ ದುಂಡನೆಯ ಕನ್ನಡದಲ್ಲಿ ಬರೆದಿದ್ದರು.

ಸಾಕೇತನಿಗೆ ಕನ್ನಡ ಓದಲು ಬಾರದು. "ವಾಟ್ ಡಸ್ ಇಟ್ ಸೇ?" ಎಂದು ಕೇಳಿದ.

ಉಪೇಂದ್ರ ಓದಿಕೊಂಡ. ಅವನ ಕಿವಿ ಚೀಟಿಯ ಬಣ್ಣಕ್ಕೆ ಬಂತು. "ಕಾಲೇಜಲ್ಲಿ ದುಡ್ಡಿಲ್ಲವಂತೆ ಪುಟ್ಟ," ಎಂದ. "ನಿನ್ನ ತುಂಬಾ ಹೊಗಳಿದಾರೆ. ಏನ್ ಮಾಡೋದು, ರಿಸೆಷನ್."

ನಿಹಾರಿಕಾ ಚೀಟಿಯನ್ನು ಅಣ್ಣನ ಕೈಯಿಂದ ತೆಗೆದುಕೊಂಡಳು. ಅವಳನ್ನು ನಾಲ್ಕು ವರ್ಷದಿಂದ ಭಾನುವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗಿ ಬಿಡುತ್ತಿದ್ದವನು ಉಪೇಂದ್ರನೇ. ಅವಳು ಅಕ್ಷರದ ಮೇಲೆ ಬೆರಳಿಟ್ಟು, ಮೇಷ್ಟರು ಕಲಿಸಿದಂತೆ ಬಿಡಿಸಿ ಬಿಡಿಸಿ ಓದಿದಳು:

"ಒದೆತ ನೇರ. ತಲೆ ತಣ್ಣಗಿದೆ. ಅಳತೆ ಇನ್ನೂ ನಿಂತಿಲ್ಲ. ಕಾಲು ಬೆಳೆದಂತೆ ಒದೆತ ತಪ್ಪುತ್ತದೆ. ಅಚ್ಚಿನಿಂದ ಒಂದು ವರ್ಷ ಮೊದಲೇ ಕಿತ್ತು ತೆಗೆದ ಎರಕ. ದೋಷ ಎರಕದ್ದಲ್ಲ, ಅವಸರ ಮಾಡಿದವರದ್ದು." ಒಂದೂ ತಪ್ಪಿಲ್ಲದೆ ಓದಿ ಮುಗಿಸಿ, "ಅಮ್ಮ, ವಾಟ್ಸ್ ಅವಸರ?" ಎಂದಳು.

ಶಾರದ ಪಾತ್ರೆ ಒರೆಸುತ್ತಿದ್ದಳು. "ನಿಮ್ಮಪ್ಪ," ಎಂದಳು.

ಆಮೇಲೆ ಅವಳೇ ವಾಕ್ಯ ವಾಕ್ಯವಾಗಿ ಬಿಡಿಸಿ ಹೇಳಿದಳು. ಸಾಕೇತ್ ಕೇಳಿಸಿಕೊಂಡ. ಕೂಗಾಡಲಿಲ್ಲ. ತಲೆ ತಣ್ಣಗಿದೆ ಎಂದು ಬರೆದದ್ದು ಸರಿಯಾಗಿಯೇ ಇತ್ತು.

"ಐ ವಾಸ್ ಸೆವೆನ್," ಎಂದ. "ಆಲ್ ಮೈ ಫ್ರೆಂಡ್ಸ್ ವರ್ ಇನ್ ದಟ್ ಕ್ಲಾಸ್. ಐ ಕ್ರೈಡ್ ಫಾರ್ ಎ ವೀಕ್, ಡ್ಯಾಡ್. ಯು ಬಾಟ್ ಎ ಫ್ರೇಮ್."

ಸಹಿ ಹಾಕುವ ಬುಧವಾರಕ್ಕೆ ಇನ್ನು ನಾಲ್ಕು ದಿನ. ಮರುದಿನ ಬೆಳಿಗ್ಗೆ ಉಪೇಂದ್ರ ಮನೆಯಲ್ಲಿ ಯಾರಿಗೂ ಹೇಳದೆ ಕಾರು ಹತ್ತಿದ. ಮನೆಗೆ ಹೋಗಿ ಕಾಲು ಹಿಡಿದರೆ ಕೆಂಪು ಹಳದಿಯಾದರೂ ಆದೀತು ಎಂಬ ಆಸೆ. ಕಾಲು ಹಿಡಿಯುವುದನ್ನು ದಾರಿಯಲ್ಲಿ ಗ್ಯಾರಿ ಊರಿನಿಂದ ಕಲಮಜೂವರೆಗೆ ಮನಸ್ಸಿನಲ್ಲೇ ಅಭ್ಯಾಸ ಮಾಡಿದ. ಹನ್ನೆರಡಕ್ಕೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದವನು ತನ್ನ ವಾಚಿನಲ್ಲಿ ಸರಿಯಾಗಿ ಹನ್ನೆರಡಕ್ಕೆ ಕ್ಯಾಂಟನ್ ತಲುಪಿದ. ಅಲ್ಲಿ, ಮಿಷಿಗನ್‌ನಲ್ಲಿ, ಆಗ ಒಂದು ಗಂಟೆ. ಅಲ್ಲಿ ಸಮಯ ತನ್ನೂರಿಗಿಂತ ಒಂದು ಗಂಟೆ ಮುಂದಿರುತ್ತದೆ ಎನ್ನುವುದನ್ನು, ಅವಸರದ ಮನುಷ್ಯ, ಅದೊಂದು ಸಲ ಮರೆತಿದ್ದ.

ಚಂದ್ರಶೇಖರ ಗರಾಜಿನಲ್ಲಿದ್ದರು. ಗಡಿಯಾರ ನೋಡಿದರು. ಅಲ್ಲಿ ಕಾರಿಗೆ ಜಾಗವಿರಲಿಲ್ಲ. ಒಂದು ಹಳೇ ಟಿವಿ, ಒಂದು ಕುರ್ಚಿ, ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಚೀಟಿಗಳ ನಕಲು. ಹತ್ತೊಂಬತ್ತು ವರ್ಷದ ಹುಡುಗರು ಅಲ್ಲಿ ತೂಗುಬಿದ್ದಿದ್ದರು. ಉಪೇಂದ್ರ ಈ ವರ್ಷದ ಸಾಲನ್ನು ಓದಿದ. ಮುನ್ನೂರು ಪೌಂಡಿನ ಒಬ್ಬನಿಗೆ: "ಊಟ ಚೆನ್ನಾಗಿ ಮಾಡುತ್ತಾನೆ. ಬೇರೆ ಗುಣ ಕಾಣಲಿಲ್ಲ." ಚೆಂಡು ಎಸೆಯುವ ಒಬ್ಬನಿಗೆ: "ತೋಳು ಬಂದಿದೆ. ತಲೆ ಆಮೇಲೆ ಬರಬಹುದು, ನಾವು ಕಾಯುವುದು ಬೇಡ." ಇನ್ನೊಬ್ಬನಿಗೆ: "ಸೋತರೆ ಅಳುತ್ತಾನೆ, ಗೆದ್ದರೂ ಅಳುತ್ತಾನೆ. ಎಲ್ಲೋ ಸೋರುತ್ತಿದೆ." ಉಪೇಂದ್ರನಿಗೆ ತಡೆಯಲಾಗದೆ ನಗು ಬಂತು. ಪಕ್ಕದ ಮೊಳೆಯಲ್ಲಿ ತನ್ನ ಮಗನ ಹೆಸರು ಕಂಡು ಅದು ಅಲ್ಲೇ ನಿಂತಿತು.

ಸಾಲಿನಲ್ಲಿ ಐದು ಕೆಂಪು ಇರಬೇಕಿತ್ತು. ಆರಿದ್ದವು. ಆರನೆಯದರಲ್ಲಿ ಬರೆದಿತ್ತು: "ಚಂದ್ರಶೇಖರ, ಇನ್‌ಸ್ಪೆಕ್ಟರ್. ಕಿವಿ ಇನ್ನೂ ಸರಿಯಿದೆ. ಸಂಬಳ ಇಬ್ಬರದ್ದು. ಕೆಲಸ ಒಬ್ಬರದ್ದು."

"ಇದು ಹೋದ ಅಕ್ಟೋಬರದ್ದು," ಎಂದರು ಕಾಫಿ ತಂದ ಸರೋಜಮ್ಮ. "ಕಾರ್ಖಾನೇಲಿ ಅರ್ಧ ಜನರನ್ನ ತೆಗೀಬೇಕಿತ್ತು. ಲಿಸ್ಟ್ ನೀವೇ ಮಾಡಿ ಅಂತ ಇವರಿಗೆ ಕೊಟ್ರು. ಹದಿನಾಲ್ಕು ಜನಕ್ಕೆ ಚೀಟಿ ಬರೆದ್ರು. ತಮಗೂ ಬರ್ಕೊಂಡ್ರು. ಮ್ಯಾನೇಜರ್ರು ನಿಮ್ಮನ್ನ ತೆಗೆಯಲ್ಲಪ್ಪ ಅಂದ್ರೂ ಕೇಳ್ಲಿಲ್ಲ, ಲೆಕ್ಕ ತೋರಿಸಿ ಒಪ್ಪಿಸಿ ಬಂದ್ರು. ನೀವೇನೂ ತಿಳ್ಕೋಬೇಡಿ. ಮೊನ್ನೆ ನನ್ನ ಹುಳಿಗೂ ಹಳದಿ ಚೀಟಿ ಬಿತ್ತು."

"ಉಪ್ಪು ಸೇರಿಸಿದ್ಮೇಲೆ ಹಸಿರು ಕೊಟ್ನಲ್ಲ," ಎಂದರು ಚಂದ್ರಶೇಖರ.

ಅಲ್ಲಿಯವರೆಗೆ ಉಪೇಂದ್ರನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಕೆಲಸ ಕಳೆದುಕೊಂಡವರು, ಕೆಲಸ ಕಳೆದುಕೊಂಡವನ ಕಷ್ಟ ಅರಿಯದಿರುತ್ತಾರೆಯೇ ಎಂದು. ತನ್ನ ಕುತ್ತಿಗೆಗೇ ತಂತಿ ಬಿಗಿದುಕೊಂಡವರ ಮುಂದೆ ಆ ಲೆಕ್ಕ ನಡೆಯುವಂತಿರಲಿಲ್ಲ. ಆದರೂ ಬಂದದ್ದಾಗಿತ್ತು.

"ಸಾರ್, ಆ ಅರ್ಧ ಫೀಸ್ ಇಲ್ದಿದ್ರೆ ಅವನ್ನ ಓದಿಸೋಕಾಗಲ್ಲ," ಎಂದ. "ನನಗೆ ಬೈರಿ, ಬೇಕಾದ್ರೆ ನನ್ನ ಕುತ್ತಿಗೆಗೆ ಒಂದು ಕೆಂಪು ಚೀಟಿ ಕಟ್ಟಿ. ಅವನದ್ದು ಹಳದಿ ಮಾಡಿ. ಇನ್ನೂ ಮೂರು ದಿನ ಇದೆ."

"ಹಳದಿ ಅಂದ್ರೆ ರಿಪೇರಿ. ಅವನಲ್ಲಿ ಕೆಟ್ಟಿರೋದು ಏನೂ ಇಲ್ಲ. ಕಾಯಬೇಕು ಅಷ್ಟೇ. ಕಾಯೋದಕ್ಕೆ ನನ್ನ ಹತ್ರ ಬಣ್ಣ ಇಲ್ಲ."

"ಆ ಜಾಗ ಯಾರಿಗೆ ಹೋಯ್ತು ಸಾರ್?"

"ಟೊಲಿಡೋ ಹುಡುಗ. ಒಂಬತ್ತನೇ ಕ್ಲಾಸು ಎರಡು ಸಲ ಓದಿದಾನೆ. ಕಾಲು ಗಟ್ಟಿಯಾಗಿದೆ."

ಫೇಲಾದವನು. ಉಪೇಂದ್ರ ತನ್ನ ಜೀವಮಾನದಲ್ಲಿ ಫೇಲಾದ ಹುಡುಗನನ್ನು ಕಂಡು ಹೊಟ್ಟೆ ಉರಿದುಕೊಂಡದ್ದು ಅದೇ ಮೊದಲು.

ಚಂದ್ರಶೇಖರ ಮೇಜಿನ ಡ್ರಾಯರ್ ಎಳೆದು ಒಂದು ಚೀಟಿ ಹುಡುಕಿ ತೆಗೆದರು. ಹಸಿರು. ಸಾಕೇತನ ಹೆಸರು, ಜನವರಿ ಹತ್ತರ ತಾರೀಖು, ಕೆಳಗೆ ಒಂದೇ ಸಾಲು: "ಒದೆತ ನೇರ. ತೆಗೆದುಕೊಳ್ಳಿ." ಅದರ ಮೇಲೆ ಅಡ್ಡ ಗೆರೆ ಎಳೆದಿತ್ತು.

ಉಪೇಂದ್ರನಿಗೆ ತಕ್ಷಣ ಅರ್ಥವಾಗಲಿಲ್ಲ. "ಇದು... ಮೊದಲು ಇದನ್ನೇ ಬರೆದಿದ್ರಾ?"

"ಫಿಲ್ಮ್ ನೋಡಿ ಬರೆದದ್ದು. ಫಿಲ್ಮಲ್ಲಿ ವಯಸ್ಸಿಲ್ಲ, ಶೂ ಸೈಜಿಲ್ಲ, ಸೋದರಮಾವಂದಿರಿಲ್ಲ."

"ಮತ್ತೆ?"

"ನೀವು ಊಟಕ್ಕೆ ಕರೆದ್ರಿ."

ಸರೋಜಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಉಪೇಂದ್ರ ಹಸಿರು ಚೀಟಿಯನ್ನು ತಿರುಗಿಸಿ ನೋಡಿದ, ಮತ್ತೆ ಮುಂದಕ್ಕೆ ತಿರುಗಿಸಿದ. ಮಗನ ದಾರಿಗೆ ಅವನು ಎರಡು ಸಲ ಬಕೆಟ್ ತುಂಬ ನೀರು ಹಾಕಿದ್ದ, ಎರಡು ಸಲವೂ ಶುಭವಾಗಲಿ ಎಂದೇ. ಇದನ್ನು ಮನೆಗೆ ತೆಗೆದುಕೊಂಡು ಹೋಗಿ ತೋರಿಸುವುದೋ ಬೇಡವೋ ಎಂದು ಯೋಚಿಸಿದ. ನಿಹಾರಿಕಾ ಓದಿಬಿಡುತ್ತಾಳೆ ಎಂದು ನೆನಪಾಗಿ ಮೇಜಿನ ಮೇಲೇ ಇಟ್ಟ.

ಗರಾಜಿನ ಬಾಗಿಲವರೆಗೆ ಹೋದವನು ತಿರುಗಿ ನಿಂತ. ಹೊರಗೆ ಹಿಮ ಬೀಳುತ್ತಿತ್ತು.

"ಸಾರ್, ಒಂದು ವರ್ಷ ಅವನು ನಮ್ಮೂರಲ್ಲೇ, ಫೀಸ್ ಕಡಿಮೆ ಇರೋ ಕಮ್ಯುನಿಟಿ ಕಾಲೇಜಲ್ಲಿ ಓದ್ಲಿ. ಕಾಲು ಬೆಳೀಲಿ. ಹೋದ ವರ್ಷ ಹೀಗಾಯ್ತು ಅಂತ ಮನಸ್ಸಲ್ಲಿ ಇಟ್ಕೊಳ್ದೆ, ಮುಂದಿನ ಜನವರಿಲಿ ಅವನನ್ನ ಇನ್ನೊಂದು ಸಲ ನೋಡ್ತೀರಾ?"

ಚಂದ್ರಶೇಖರ ಟಿವಿಯಲ್ಲಿ ಯಾರದೋ ಫಿಲ್ಮ್ ಹಾಕುತ್ತಿದ್ದರು. ತಿರುಗಿ ನೋಡಲಿಲ್ಲ.

"ನೋಡ್ತೀನಿ," ಎಂದರು. "ಅವನಿಗೆ ಲೈಸೆನ್ಸ್ ಇದೆಯಲ್ಲ, ಒಬ್ನೇ ಡ್ರೈವ್ ಮಾಡ್ಕೊಂಡು ಬರ್ಲಿ."